ಮದುವೆ ಮನೆಯ ಸಿಹಿ: ಬಗೆ ಎಣಿಸುವ ಮುನ್ನ ಗಂಟೆ ಎಣಿಸಿ

ಮದುವೆ ನಿಶ್ಚಯವಾಯಿತು, ಹಂದರ ಹಾಕುವ ದಿನ ಗೊತ್ತಾಯಿತು ಎಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಸಿಹಿ ಏನು ಮಾಡಿಸೋಣ?’ ಎಂಬುದು. ಅನ್ನ, ಸಾರು, ಪಲ್ಯಗಳ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಸಿಹಿಯ ಮಾತು ಎರಡು ದಿನವಾದರೂ ಮುಗಿಯುವುದಿಲ್ಲ. ಗದಗ ತಾಲೂಕಿನ ಸೊರಟೂರ, ಇತಿಹಾಸ ಓದಿದವರಿಗೆ ಗೊತ್ತಿರುವಂತೆ, 12ನೇ ಶತಮಾನದ ಕೊನೆಯಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳನಿಗೂ ಸೇವುಣರ ಐದನೇ ಭಿಲ್ಲಮನಿಗೂ ಯುದ್ಧ ನಡೆದ ಊರು. ಈಗ ಅಲ್ಲಿಯೂ, ಸುತ್ತಲಿನ ಮುಳಗುಂದ, ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿಯೂ ನಡೆಯುವ ದೊಡ್ಡ ಕಾಳಗವೆಂದರೆ ಬೀಗರ ಮುಂದೆ ಸಿಹಿ ಎರಡು ಬಗೆಯೋ ಐದು ಬಗೆಯೋ ಎಂಬುದೇ!

ಹಿಂದೆ ಈ ಭಾಗದ ಮದುವೆಗಳಲ್ಲಿ ಗೋಧಿ ಹುಗ್ಗಿ, ಹೋಳಿಗೆ, ಮಾದಲಿ ಅಥವಾ ಬುಂದೆ ಇದ್ದರೆ ಊಟ ಜೋರಾಯಿತು ಎನ್ನುತ್ತಿದ್ದರು. ಈಗ ಕಲ್ಯಾಣ ಮಂಟಪಗಳಲ್ಲಿ ಸಿಹಿಗೆಂದೇ ಪ್ರತ್ಯೇಕ ಟೇಬಲ್ ಬಂದಿದೆ. ಜಿಲೇಬಿ, ಜಾಮೂನು, ಬಾಸುಂದಿ, ಹಣ್ಣಿನ ಸಲಾಡ್, ಐಸ್‌ಕ್ರೀಮ್ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಹಳ್ಳಿಯ ಮನೆಯ ಮುಂದಿನ ಹಂದರಕ್ಕೂ ಈ ಪದ್ಧತಿ ಕಾಲಿಟ್ಟಿದೆ. ಸಂತೋಷದ ಸಮಯದಲ್ಲಿ ಸಿಹಿ ಬೇಡವೆನ್ನುವ ವೈದ್ಯ ನಾನಲ್ಲ. ಆದರೆ ಬಗೆ ಎಷ್ಟು ಎಂದು ಕೇಳುವ ಮೊದಲು, ಅದು ಒಲೆಯಿಂದ ಇಳಿದ ಮೇಲೆ ಎಲೆಗೆ ಬರುವ ತನಕ ಎಷ್ಟು ಗಂಟೆ ಕಾಯಬೇಕು ಎಂದು ಕೇಳಿ. ಮದುವೆ ಮನೆಯಿಂದ ಜನ ದವಾಖಾನೆಗೆ ಬರುವುದು ಬಹುತೇಕ ಈ ಗಂಟೆಗಳ ಲೆಕ್ಕ ತಪ್ಪಿದಾಗ.

ಒಂದು ಉದಾಹರಣೆ ನೋಡೋಣ. ಮುಹೂರ್ತ ಮಧ್ಯಾಹ್ನ ಹನ್ನೆರಡೂವರೆಗೆ. ಅಕ್ಕಿಕಾಳು ಬಿದ್ದು ಮೊದಲ ಪಂಕ್ತಿ ಏಳಬೇಕಾದರೆ ಎರಡು ಗಂಟೆ. ಕೊನೆಯ ಪಂಕ್ತಿಯಲ್ಲಿ ಮನೆಯ ಹೆಣ್ಣುಮಕ್ಕಳು, ಬಡಿಸಿದ ಹುಡುಗರು ಕೂಡುವ ಹೊತ್ತಿಗೆ ನಾಲ್ಕು ಗಂಟೆ. ಅಡುಗೆಯವರು ಬಾಸುಂದಿಯನ್ನು ಬೆಳಗಿನ ನಾಲ್ಕಕ್ಕೇ ಕಾಯಿಸಿ ಇಳಿಸಿರುತ್ತಾರೆ, ಏಕೆಂದರೆ ಆಮೇಲೆ ಒಲೆ ಅನ್ನಕ್ಕೆ ಬೇಕು. ಅಂದರೆ ಕೊನೆಯ ಪಂಕ್ತಿಯವರು ತಿನ್ನುವುದು ಹನ್ನೆರಡು ತಾಸು ಹಳೆಯ ಬಾಸುಂದಿ. ಯುಗಾದಿಯ ನಂತರದ ನಮ್ಮ ಬಿಸಿಲು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ.

ರೋಗಾಣುಗಳಿಗೆ ಅನುಕೂಲ ಹವೆಯೂ ಒಳ್ಳೆಯ ಆಹಾರವೂ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಅವು ಇಮ್ಮಡಿಯಾಗಬಲ್ಲವು. ಒಂದು ರೋಗಾಣು ಒಂದು ತಾಸಿಗೆ 8 ಆಗುತ್ತದೆ, ನಾಲ್ಕು ತಾಸಿಗೆ 4,096, ಆರು ತಾಸಿಗೆ ಎರಡೂವರೆ ಲಕ್ಷ ದಾಟುತ್ತದೆ. ಹಾಲು, ಖೋವಾ, ಕೆನೆ ಇವು ಅವುಗಳಿಗೆ ಹಬ್ಬದೂಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ನಿಯಮ ಸರಳವಾಗಿದೆ: ಬೇಯಿಸಿದ ಆಹಾರವನ್ನು ಹೊರಗಿನ ಹವೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಇಡಬೇಕಾದರೆ 60 ಡಿಗ್ರಿಗಿಂತ ಬಿಸಿಯಾಗಿ ಇಡಬೇಕು, ಇಲ್ಲವೆ 5 ಡಿಗ್ರಿಗಿಂತ ತಣ್ಣಗೆ ಇಡಬೇಕು. ನಡುವಿನದು ಅಪಾಯದ ಹವೆ. ಅಡುಗೆ ಮನೆಯಲ್ಲಿ ಥರ್ಮಾಮೀಟರ್ ಇಡುವವರು ಯಾರು ಎನ್ನುತ್ತೀರಾ? ಪಾತೇಲಿಯ ಮುಚ್ಚಳ ತೆಗೆದರೆ ಹಬೆ ಚೆನ್ನಾಗಿ ಮೇಲೇಳಬೇಕು, ಸೌಟಿನಲ್ಲಿ ತೆಗೆದದ್ದನ್ನು ತಕ್ಷಣ ಬಾಯಿಗಿಡಲು ಆಗಬಾರದು. ಅಷ್ಟು ಬಿಸಿ ಇದ್ದರೆ ಸಾಕು.

‘ಮತ್ತೊಮ್ಮೆ ಕುದಿಸಿದರಾಯಿತಲ್ಲ’ ಎಂಬ ಮಾತು ಎಲ್ಲ ಅಡುಗೆ ಮನೆಗಳಲ್ಲಿಯೂ ಇದೆ. ಇಲ್ಲಿಯೇ ಮೋಸ. ಸ್ಟೆಫೈಲೊಕಾಕಸ್ ಎಂಬ ರೋಗಾಣು ನಮ್ಮ ನಿಮ್ಮ ಚರ್ಮದ ಮೇಲೆ, ಮೂಗಿನೊಳಗೆ ವಾಸಿಸುತ್ತದೆ. ಆರೋಗ್ಯವಂತರಲ್ಲಿಯೇ ಸರಿಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಇರುತ್ತದೆ. ಬೆರಳಿನ ಕುರು, ಕೀವಾದ ಗಾಯ ಇದ್ದವರ ಕೈಯಿಂದ ಅದು ಸುಲಭವಾಗಿ ಆಹಾರ ಸೇರುತ್ತದೆ. ಅಲ್ಲಿ ಬೆಳೆಯುತ್ತ ಒಂದು ವಿಷವನ್ನು ಉತ್ಪಾದಿಸುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಅದು ಬಿಟ್ಟ ವಿಷ ಸಾಯುವುದಿಲ್ಲ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ರುಚಿಯೂ ಕೆಡುವುದಿಲ್ಲ. ತಿಂದ ಅರ್ಧ ತಾಸಿನಿಂದ ಎಂಟು ತಾಸಿನೊಳಗೆ ವಾಂತಿ, ಹೊಟ್ಟೆ ನುಲಿತ, ಭೇದಿ ಶುರು. ಒಂದೇ ಟ್ರ್ಯಾಕ್ಟರಿನಲ್ಲಿ ಮದುವೆಗೆ ಬಂದವರು ಒಂದೇ ಸಂಜೆ ಒಟ್ಟಿಗೇ ವಾಂತಿ ಮಾಡಿಕೊಳ್ಳತೊಡಗಿದರೆ ನಮಗೆ ಮೊದಲು ನೆನಪಾಗುವುದು ಇದೇ. ಗಟ್ಟಿ ಮನುಷ್ಯರು ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತಾರೆ. ಹಾಲುಗೂಸುಗಳು, ವಯಸ್ಸಾದವರು, ಬಸುರಿಯರು ನೀರು ಕಳೆದುಕೊಂಡು ಕಷ್ಟಕ್ಕೆ ಸಿಲುಕುತ್ತಾರೆ.

ಆದ್ದರಿಂದ ಹಾಲಿನ ಸಿಹಿ ಬೇಕೇ ಬೇಕೆಂದರೆ ಅದನ್ನು ಎರಡು ಪಾತೇಲಿಯಲ್ಲಿ ಎರಡು ಹೊತ್ತಿಗೆ ಮಾಡಿಸಿ. ಮೊದಲನೆಯದು ಮೊದಲ ಪಂಕ್ತಿಗೆ, ಎರಡನೆಯದು ಒಂದು ಗಂಟೆಗೆ ಒಲೆಯಿಂದ ಇಳಿಯುವಂತೆ. ಮೊದಲಿನದರಲ್ಲಿ ಉಳಿದದ್ದನ್ನು ಎರಡನೆಯದಕ್ಕೆ ಸುರಿಯಬಾರದು. ಇದನ್ನು ಅಡುಗೆಯವರಿಗೆ ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಪಾತ್ರೆ ಖಾಲಿ ಮಾಡುವ ಅವಸರದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಖೋವಾವನ್ನು ಪೇಟೆಯಿಂದ ತರುವುದಾದರೆ ಹಿಂದಿನ ದಿನ ತಂದು ಕೋಣೆಯ ಮೂಲೆಯಲ್ಲಿ ಇಡಬೇಡಿ.

ಅಂಗಡಿಯಿಂದ ಸಿಹಿ ತರುವವರಿಗೂ ಒಂದು ಮಾತು. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಅದನ್ನು ಯಾವ ದಿನಾಂಕದೊಳಗೆ ತಿನ್ನಬೇಕು ಎಂಬುದನ್ನು ತೋರಿಸಬೇಕೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಅಕ್ಟೋಬರ್ 1ರಿಂದ ನಿಯಮ ಮಾಡಿತು. ಕಲಾಕಂದದಂಥವನ್ನು ಮಾಡಿದ ದಿನವೇ ತಿನ್ನಬೇಕು, ರಸಗುಲ್ಲಾ, ರಸಮಲಾಯಿಗಳಿಗೆ ಎರಡು ದಿನ ಎಂದು ಅದೇ ಪ್ರಾಧಿಕಾರದ ಮಾರ್ಗಸೂಚಿ ಹೇಳುತ್ತದೆ. ಅಂಗಡಿಯಲ್ಲಿ ಚೀಟಿ ಕಾಣದಿದ್ದರೆ ಕೇಳಿ. ಐವತ್ತು ಕಿಲೋ ಸಿಹಿಗೆ ಮುಂಗಡ ಕೊಡುವ ನಿಮಗೆ ಅಷ್ಟು ಕೇಳುವ ಹಕ್ಕಿದೆ.

ಅಜ್ಜಿಯಂದಿರ ಲೆಕ್ಕ

ಈ ಗಂಟೆಗಳ ಲೆಕ್ಕ ನಮ್ಮ ಅಜ್ಜಿಯಂದಿರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು. ಕಡಲೆಬೇಳೆ ಹೂರಣದ ಹೋಳಿಗೆಯನ್ನು ಅವರು ಹಂಚಿನಿಂದ ಇಳಿದ ಹಾಗೆ ಬಡಿಸುತ್ತಿದ್ದರು. ದೂರದ ಊರಿಗೆ ಹೋಗುವವರ ಬುತ್ತಿಗೆ ಕಟ್ಟುತ್ತಿದ್ದುದು ಶೇಂಗಾ ಹೋಳಿಗೆ ಅಥವಾ ಎಳ್ಳು ಹೋಳಿಗೆ. ಕಾರಣ ನೀರು. ಬೇಯಿಸಿದ ಬೇಳೆಯ ಹೂರಣದಲ್ಲಿ ನೀರಿನ ಅಂಶ ಹೆಚ್ಚು, ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹಳಸುತ್ತದೆ. ಹುರಿದ ಶೇಂಗಾ ಪುಡಿಯಲ್ಲಿ, ಬೆಲ್ಲದಲ್ಲಿ ನೀರು ಕಡಿಮೆ. ನೀರಿಲ್ಲದ ಕಡೆ ರೋಗಾಣು ಬೆಳೆಯಲಾರದು. ಕರದಂಟು ತಿಂಗಳುಗಟ್ಟಲೆ ತಾಳುವುದೂ ಇದೇ ಕಾರಣಕ್ಕೆ. ಅದರಲ್ಲಿರುವುದು ತುಪ್ಪದಲ್ಲಿ ಹುರಿದ ಅಂಟು, ಒಣ ಕೊಬ್ಬರಿ, ಒಣ ಹಣ್ಣು ಮತ್ತು ಗಟ್ಟಿ ಬೆಲ್ಲದ ಪಾಕ. ಗೋಕಾಕ, ಅಮೀನಗಡಗಳಿಂದ ಅದು ದೇಶದ ಯಾವ ಮೂಲೆಗಾದರೂ ಸುರಕ್ಷಿತವಾಗಿ ಹೋಗಬಲ್ಲದು.

ನೀವು ಸಿಹಿಯ ಯಾದಿ ಮಾಡುವಾಗಲೂ ಹೀಗೆಯೇ ವಿಂಗಡಿಸಿಕೊಳ್ಳಿ. ಎರಡು ದಿನ ಮುಂಚೆಯೇ ಮಾಡಿ ಡಬ್ಬಿಗೆ ತುಂಬಬಹುದಾದವು ಬೇಸನ್ ಉಂಡಿ, ಶೇಂಗಾ ಉಂಡಿ, ಮಾದಲಿಯ ಪುಡಿ, ಶೇಂಗಾ ಹೋಳಿಗೆ. ಅದೇ ದಿನ ಬಿಸಿಯಾಗಿ ಆಗಬೇಕಾದವು ಗೋಧಿ ಹುಗ್ಗಿ, ಹೂರಣದ ಹೋಳಿಗೆ, ಶ್ಯಾವಿಗೆ ಪಾಯಸ. ಮೊದಲ ಗುಂಪಿನಿಂದ ಒಂದು, ಎರಡನೆಯದರಿಂದ ಒಂದು, ಜೊತೆಗೆ ಕತ್ತರಿಸದ ಬಾಳೆಹಣ್ಣು. ಐನೂರು ಜನರ ಊಟಕ್ಕೆ ಇದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನನ್ನನ್ನು ಜಿಪುಣನೆಂದುಕೊಂಡರೂ ಚಿಂತೆಯಿಲ್ಲ. ಗೋಧಿ ಹುಗ್ಗಿಗೆ ಇನ್ನೊಂದು ಗುಣವಿದೆ. ಸಣ್ಣ ಉರಿಯ ಮೇಲೆ ಕೊನೆಯ ಪಂಕ್ತಿಯ ತನಕ ಬಿಸಿಯಾಗಿಯೇ ಇಡಬಹುದು. ಬಾಸುಂದಿಯನ್ನು ಹಾಗೆ ಇಟ್ಟರೆ ತಳ ಹತ್ತುತ್ತದೆ.

ಉಂಡಿ ಕಟ್ಟುವ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಸೇರುವುದು ಚಂದದ ಪದ್ಧತಿ. ಬಂದವರಿಗೆಲ್ಲ ಸಾಬೂನು, ಶುದ್ಧ ನೀರು ಕೊಡಿ. ಉಂಗುರ ತೆಗೆದಿಟ್ಟು ಕೈ ತೊಳೆಯಲಿ. ಯಾರದಾದರೂ ಬೆರಳಿಗೆ ಗಾಯವಿದ್ದರೆ, ಜ್ವರ ನೆಗಡಿ ಇದ್ದರೆ, ಹಿಂದಿನ ದಿನ ಭೇದಿಯಾಗಿದ್ದರೆ ‘ಅಕ್ಕಾ, ನೀವು ಹಾಡು ಹೇಳ್ರಿ, ಉಂಡಿ ನಾವು ಕಟ್ತೀವಿ’ ಎಂದರೆ ಬೇಸರವಾಗದು. ಅಡುಗೆಯವರ ಸಹಾಯಕ್ಕೆ ಬರುವ ಹುಡುಗರ ಕೈಗಳನ್ನೂ ಒಮ್ಮೆ ನೋಡಿ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಬುಂದೆ, ಜಿಲೇಬಿಗೆ ಬಣ್ಣ ಬೇಡವೆಂದು ಮೊದಲೇ ಹೇಳಿಬಿಡಿ. ಅನುಮತಿ ಇರುವ ಬಣ್ಣಗಳಿಗೂ ಕಾನೂನಿನಲ್ಲಿ ಮಿತಿಯಿದೆ, ಹಂದರದ ಹಿಂದೆ ಚಿಟಿಕೆ ಲೆಕ್ಕದಲ್ಲಿ ಹಾಕುವವರಿಗೆ ಆ ಮಿತಿ ಗೊತ್ತಿರುವುದಿಲ್ಲ. ಬಟ್ಟೆಗೆ ಬಳಸುವ ರೋಡಮೈನ್-ಬಿ ತಿನಿಸುಗಳಲ್ಲಿ ಕಂಡುಬಂದ ಮೇಲೆ ನಮ್ಮ ರಾಜ್ಯ ಸರ್ಕಾರವೇ 2024ರ ಮಾರ್ಚ್‌ನಲ್ಲಿ ಬಣ್ಣ ಹಾಕಿದ ಬಾಂಬೆ ಮಿಠಾಯಿಯನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನೂ ನಿಷೇಧಿಸಿತು.

‘ಒಂದ ಹೋಳಗಿ ತಿಂದ್ರ ಏನಾಗತೈತ್ರಿ?’

ಮದುವೆ ಸುಗ್ಗಿಯಲ್ಲಿ ನನಗೆ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಕೇಳುವವರು ಸಕ್ಕರೆ ಕಾಯಿಲೆಯವರು, ಅಥವಾ ಅವರ ಮುಖ ನೋಡುತ್ತ ಪಕ್ಕದಲ್ಲಿ ಕುಳಿತ ಸೊಸೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಪಟ್ಟಣಗಳ ವಯಸ್ಕರಲ್ಲಿ ನೂರಕ್ಕೆ 16.4, ಹಳ್ಳಿಗಳಲ್ಲಿ ನೂರಕ್ಕೆ 8.9 ಜನರಿಗೆ ಮಧುಮೇಹವಿದೆ. ಹಳ್ಳಿಯ ಲೆಕ್ಕ ಹಿಡಿದರೂ, ನಿಮ್ಮ ಐನೂರು ಅತಿಥಿಗಳಲ್ಲಿ ಮುನ್ನೂರೈವತ್ತು ವಯಸ್ಕರಿದ್ದರೆ ಮೂವತ್ತು ಜನ ಮಧುಮೇಹಿಗಳು. ಅವರಲ್ಲಿ ಕೆಲವರಿಗೆ ತಮಗೆ ಅದು ಇರುವುದೇ ಗೊತ್ತಿರುವುದಿಲ್ಲ.

ಮೊದಲು ಒಂದು ಎಣಿಕೆ. ಒಂದು ಸಿಹಿಯಲ್ಲಿ 20 ಗ್ರಾಮ್ ಸಕ್ಕರೆ ಅಥವಾ ಬೆಲ್ಲ ಎಂದುಕೊಂಡರೆ, ನಾಲ್ಕು ಬಗೆ ತಿಂದವನ ಹೊಟ್ಟೆಗೆ 80 ಗ್ರಾಮ್ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತರಿಗೇ ದಿನಕ್ಕೆ ಹೆಚ್ಚೆಂದರೆ ಸುಮಾರು 50 ಗ್ರಾಮ್, ಸಾಧ್ಯವಾದರೆ 25 ಗ್ರಾಮ್ ಸಾಕು ಎನ್ನುತ್ತದೆ. ಎರಡೇ ಬಗೆ ಮಾಡಿಸಿದರೆ ಇಡೀ ಮದುವೆಗೆ 40 ಕಿಲೋ ಬದಲು 20 ಕಿಲೋ ಸಕ್ಕರೆ ಸಾಕಾಗುತ್ತದೆ, ಕಿಸೆಗೂ ಹಗುರ. ಬೆಲ್ಲವಾದರೆ ನಡೆಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಬೆಲ್ಲ ರುಚಿಯಲ್ಲಿ ಮೇಲು, ಒಪ್ಪುತ್ತೇನೆ. ರಕ್ತದ ಸಕ್ಕರೆ ಏರಿಸುವುದರಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ‘ಶುಗರ್ ಫ್ರೀ’ ಎಂದು ಬರೆದ ಸಿಹಿಯಲ್ಲಿಯೂ ಖೋವಾ, ಮೈದಾ, ತುಪ್ಪ ಇದ್ದೇ ಇರುತ್ತವೆ. ಅದನ್ನು ನಾಲ್ಕು ತಿನ್ನುವುದಕ್ಕಿಂತ ಒಳ್ಳೆಯ ಹೋಳಿಗೆ ಅರ್ಧ ತಿನ್ನುವುದು ಮೇಲು.

ಹಾಗಾದರೆ ಉತ್ತರವೇನು? ಸಕ್ಕರೆ ಹತೋಟಿಯಲ್ಲಿ ಇದ್ದವರು ಅರ್ಧ ಹೋಳಿಗೆ ತಿನ್ನಬಹುದು, ಆ ಹೊತ್ತಿನ ಅನ್ನವನ್ನು ಅಷ್ಟೇ ಕಡಿಮೆ ಮಾಡಬೇಕು. ನಮ್ಮ ಎಲೆಗೆ ಸಿಹಿ ಮೊದಲು ಬರುತ್ತದೆ. ಬಂದರೂ ಕೈ ಮೊದಲು ಹೋಗಬೇಕಾದದ್ದು ಕೋಸಂಬರಿ, ಪಲ್ಯ, ಕಾಳಿನ ಕಡೆಗೆ. ಅವು ಹೊಟ್ಟೆ ಸೇರಿದ ಮೇಲೆ ಸಿಹಿ ತಿಂದರೆ ರಕ್ತದ ಸಕ್ಕರೆ ತುಸು ನಿಧಾನವಾಗಿ ಏರುತ್ತದೆ. ಬಡಿಸುವವರಿಗೂ ಒಂದು ವಿನಂತಿ: ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ ಒತ್ತಾಯ ಮಾಡಬೇಡಿ. ಹೋಳಿಗೆಯನ್ನು ಅರ್ಧ ಮಾಡಿಯೇ ಬುಟ್ಟಿಯಲ್ಲಿ ತನ್ನಿ, ಬೇಕಾದವರು ಎರಡು ಅರ್ಧ ಹಾಕಿಸಿಕೊಳ್ಳಲಿ.

ಆದರೆ ನನಗೆ ಹೆಚ್ಚು ಅಂಜಿಕೆ ಇರುವುದು ಊಟದ ನಂತರದ ಸಕ್ಕರೆಯ ಬಗ್ಗೆ ಅಲ್ಲ, ಊಟಕ್ಕಿಂತ ಮುಂಚಿನದರ ಬಗ್ಗೆ. ಹಿರಿಯರೊಬ್ಬರು ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗುತ್ತಾರೆ. ಮದುವೆಯ ಗಡಿಬಿಡಿ, ಉಪ್ಪಿಟ್ಟು ತಿಂದೆನೋ ಇಲ್ಲವೋ ನೆನಪಿಲ್ಲ. ಊಟ ಹನ್ನೆರಡಕ್ಕೆ ಅಂದದ್ದು ಮೂರಕ್ಕೆ ಹೋಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆಗಳೂ ಇನ್ಸುಲಿನ್ನೂ ಊಟಕ್ಕಾಗಿ ಕಾಯುವುದಿಲ್ಲ, ತಮ್ಮ ಕೆಲಸ ತಾವು ಮಾಡುತ್ತಲೇ ಇರುತ್ತವೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ. ಸುತ್ತಲಿನವರು ‘ಬಿಸಲಾಗ ತಿರಗ್ಯಾರ, ಧಗಿ ಹತ್ತೇತಿ’ ಎಂದು ಗಾಳಿ ಬೀಸುತ್ತ ಮಲಗಿಸುತ್ತಾರೆ. ಬೇರೆ ಯಾರೋ ‘ಕುಡದಾರೇನ?’ ಎಂದು ಪಿಸುಗುಡುವುದೂ ಉಂಟು. ಹೊತ್ತು ಕಳೆದಂತೆ ಎಚ್ಚರ ತಪ್ಪಬಹುದು, ಫಿಟ್ಸ್ ಬರಬಹುದು.

ಸಕ್ಕರೆ ಕಾಯಿಲೆಯವರಿಗೆ ತಕ್ಷಣ ಸಕ್ಕರೆ ಕೊಡಬೇಕಾದ ಸಂದರ್ಭ ಇದೊಂದೇ. ಮೂರು ಚಹಾ ಚಮಚ, ಅಂದರೆ ಸುಮಾರು 15 ಗ್ರಾಮ್ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿ. ಹೋಳಿಗೆ, ಉಂಡಿ, ಬಾಸುಂದಿ ಬೇಡ. ಅವುಗಳಲ್ಲಿನ ತುಪ್ಪ, ಕೆನೆ ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತವೆ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಪಂಕ್ತಿಗೆ ಕಾಯಿಸದೆ ಊಟ ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಸರಿಯಾಗಿ ಕೆಲವು ತಾಸಿನ ಮೇಲೆ ಮತ್ತೆ ಇಳಿಯಬಹುದು, ವಯಸ್ಸಾದವರಲ್ಲಿ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ವಿಶೇಷವಾಗಿ. ಆದ್ದರಿಂದ ಅವರನ್ನು ವೈದ್ಯರಿಗೆ ತೋರಿಸಲೇಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಚಾಳಿಯೂ ಇದೆ. ‘ಇವತ್ತ ಸಿಹಿ ತಿನ್ನಾಂವ ಅದೀನಿ’ ಎಂದು ಒಂದು ಮಾತ್ರೆ ಹೆಚ್ಚಿಗೆ ನುಂಗುವುದು. ಊಟ ತಡವಾದರೆ ಇದು ಜೀವಕ್ಕೇ ಬರಬಹುದು. ಮದುವೆಯ ದಿನ ಮಾತ್ರೆ ಯಾವಾಗ, ಎಷ್ಟು ಎಂಬುದನ್ನು ನಾಲ್ಕು ದಿನ ಮುಂಚೆ ನಿಮ್ಮ ವೈದ್ಯರನ್ನೇ ಕೇಳಿ. ಮನೆಯ ಯಜಮಾನರು ಮಾಡಬೇಕಾದದ್ದು ಇಷ್ಟೇ: ವಯಸ್ಸಾದವರಿಗೆ, ಶುಗರ್ ಇರುವವರಿಗೆ ಮುಹೂರ್ತಕ್ಕೆ ಮೊದಲೇ ಹನ್ನೆರಡು ಗಂಟೆಗೆ ಒಂದು ಸಣ್ಣ ಪಂಕ್ತಿ ಏಳಿಸಿಬಿಡಿ. ಬೀಗರ ಕಡೆಯ ಹಿರಿಯರನ್ನೂ ಅದರಲ್ಲಿಯೇ ಕೂಡಿಸಿದರೆ ಅದು ಮರ್ಯಾದೆಯೂ ಆಗುತ್ತದೆ.

ಮಕ್ಕಳ ವಿಷಯದಲ್ಲಿ ಎರಡು ಎಚ್ಚರಿಕೆ. ಐದು ವರ್ಷದೊಳಗಿನವರ ಕೈಗೆ ಇಡೀ ಶೇಂಗಾ, ಗೋಡಂಬಿ ಇರುವ ಉಂಡಿ, ಕರದಂಟು ಕೊಟ್ಟು ಆಡಲು ಬಿಡಬೇಡಿ. ಓಡುತ್ತ, ನಗುತ್ತ ತಿನ್ನುವಾಗ ಒಂದು ಶೇಂಗಾ ಕಾಳು ಉಸಿರಿನ ಕೊಳವೆಗೆ ಜಾರಿದರೆ ದೊಡ್ಡ ಆಸ್ಪತ್ರೆಯಲ್ಲಿ ನಳಿಕೆ ಹಾಕಿ ತೆಗೆಸಬೇಕಾಗುತ್ತದೆ. ಮಗುವಿಗೆ ಒಮ್ಮೆಲೇ ಕೆಮ್ಮು ಹತ್ತಿ ಆಮೇಲೆ ಸುಮ್ಮನಾದರೂ ತೋರಿಸಿ. ಇನ್ನೊಂದು, ಒಲೆಗಳ ಸುತ್ತ ಹಗ್ಗ ಕಟ್ಟಿ. ಕುದಿಯುವ ಪಾಕ ನೀರಿನಂತೆ ಹರಿದುಹೋಗುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಆಳವಾಗಿ ಸುಡುತ್ತದೆ. ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಬೇಕು. ಟೂತ್‌ಪೇಸ್ಟ್, ಶಾಯಿ, ಅರಿಷಿಣ ಯಾವುದೂ ಬೇಡ.

ಇಷ್ಟೆಲ್ಲ ಮಾಡಿಯೂ ಸಂಜೆ ಕೆಲವರಿಗೆ ವಾಂತಿಭೇದಿ ಶುರುವಾದರೆ ಮುಚ್ಚಿಡಬೇಡಿ. ಹೆಸರು ಕೆಡುತ್ತದೆಂದು ಸುಮ್ಮನಿದ್ದರೆ ಅದೇ ಸಿಹಿ ರಾತ್ರಿ ಇನ್ನೂ ನೂರು ಜನರ ಎಲೆಗೆ ಹೋಗುತ್ತದೆ. ಬಡಿಸುವುದನ್ನು ನಿಲ್ಲಿಸಿ, ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅನುಮಾನವಿರುವ ಆಹಾರದ ಸ್ವಲ್ಪ ಭಾಗವನ್ನು ಮುಚ್ಚಿ ತಣ್ಣಗಿಡಿ, ಪರೀಕ್ಷೆಗೆ ಬೇಕಾದೀತು. ಓಆರ್‌ಎಸ್ ಪುಡಿ ಸಿಗುವ ತನಕ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸಿ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದ ಸಿಹಿಯನ್ನು ನೆಂಟರಿಗೆ ಕಟ್ಟಿಕೊಡುವಾಗ ಒಣ ಉಂಡಿ, ಶೇಂಗಾ ಹೋಳಿಗೆಗಳನ್ನು ಮಾತ್ರ ಕಟ್ಟಿ, ಪೊಟ್ಟಣದ ಮೇಲೆ ಮಾಡಿದ ದಿನ ಬರೆಯಿರಿ. ಉಳಿದ ಬಾಸುಂದಿ, ಪಾಯಸಕ್ಕೆ ಮೋಹ ಬೇಡ. ಅನ್ನ, ಹುಗ್ಗಿ, ಬುಂದೆ ಬುಟ್ಟಿಗಟ್ಟಲೆ ಉಳಿಯಿತೆಂದು ದನಗಳ ಮುಂದೆ ಸುರಿಯುವ ರೂಢಿಯೂ ನಮ್ಮಲ್ಲಿದೆ. ಒಮ್ಮೆಲೇ ಅಷ್ಟು ಅನ್ನ ಮತ್ತು ಸಿಹಿ ತಿಂದ ಎತ್ತಿನ ಹೊಟ್ಟೆಯಲ್ಲಿ ಆಮ್ಲ ಏರಿ ಅದು ಸಾಯಲೂಬಹುದು. ಅದನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಹಾಕಿ, ಮೇಲೆ ಮಣ್ಣು ಮುಚ್ಚಿಸಿ.